ಮಡುವಿಗೆ ಹೊದಿಸಿದ ದಾಳಿಂಬೆ ಬಲೆ

ಬೇವೂರಿನ ಆಚೆಯ ಎರೆಭೂಮಿಯಲ್ಲಿ ಹುಟ್ಟಿದವನಿಗೆ ಮೀನಿನ ಬಗ್ಗೆ ಏನು ಗೊತ್ತಿರಬೇಕೋ ಅಷ್ಟೇ ನನಗೂ ಗೊತ್ತಿತ್ತು: ಅದು ನೀರಿನಲ್ಲಿರುತ್ತದೆ. ನಮ್ಮೂರಿನಲ್ಲಿ ನೀರೇ ಕೊಡದಲ್ಲಿರುತ್ತಿತ್ತು. ಹೀಗಾಗಿ ಮೀನಿನ ವಿಚಾರ ಅಲ್ಲಿಗೇ ಮುಗಿದಿತ್ತು. ಈಜು ಬರುವುದಿಲ್ಲ. ಬಸ್ಸು ಸೇತುವೆ ದಾಟುವಾಗ ಇಂದಿಗೂ ಮುಂದಿನ ಸೀಟಿನ ಕಂಬಿ ಹಿಡಿದುಕೊಳ್ಳುತ್ತೇನೆ, ಆ ಸೇತುವೆಯ ದುರಸ್ತಿಗೆ ನಾನೇ ಸಹಿ ಹಾಕಿದ್ದರೂ. ಸಹಿ ಹಾಕಿದ್ದರಿಂದಲೇ ಅಂದರೂ ನಡೆದೀತು. ಇಂಥವನನ್ನು ಹುಡುಕಿ ತೆಗೆದು ಒಂದು ಹಳ್ಳದ ಮೀನುಗಳ ರಕ್ಷಣೆಯ ಹೊಣೆ ಹೊರಿಸಿದ್ದು ನಮ್ಮ ಇಲಾಖೆಯ ಜಾಣತನ.

ನಾನು ಕಿರಿಯ ಇಂಜಿನಿಯರು. ನನಗೆ ಐವತ್ತೆರಡಾಗಿದೆ, ಹುದ್ದೆಗೆ ಮಾತ್ರ ವಯಸ್ಸಾಗಿಲ್ಲ. ಯಲಬುರ್ಗಾ, ಕೊಪ್ಪಳ, ಕುಷ್ಟಗಿ ಸುತ್ತಿ ಈಗ ಗಂಗಾವತಿಗೆ ಬಂದು ಬಿದ್ದಿದ್ದೇನೆ. ಚಿಂತೆ ಮಾಡುವುದು ನನ್ನ ಮುಖ್ಯ ವೃತ್ತಿ, ಇಂಜಿನಿಯರಿಂಗ್ ಉಪವೃತ್ತಿ. ಮನೆಯಿಂದ ಹೊರಟವನು ಗ್ಯಾಸ್ ಬಂದ್ ಆಗಿದೆಯೋ ಇಲ್ಲವೋ ಎಂದು ಅರ್ಧ ದಾರಿಯಿಂದ ಬೈಕು ತಿರುಗಿಸಿ ಬರುತ್ತೇನೆ. ಹೆಂಡತಿ ಒಲೆಯ ಮುಂದೆಯೇ ನಿಂತಿರುತ್ತಾಳೆ. "ನಾ ಇನ್ನೂ ರೊಟ್ಟಿ ಬಡೀಲಿಕ್ಕತ್ತೀನ್ರೀ. ನನ್ನೂ ಬಂದ್ ಮಾಡಿ ಹೋಗ್ತೀರೇನು?" ಅನ್ನುತ್ತಾಳೆ.

ಗಂಗಾವತಿಯಿಂದ ಹುಲಿಹೈದರದ ಕಡೆಗೆ ಹೋಗುವ ದಾರಿಯಲ್ಲಿ ಆ ಹಳ್ಳ. ದೊಡ್ಡ ಮಳೆ ಬಂದರೆ ಹಳೆಯ ಕೆಳಸೇತುವೆಯ ಮೇಲೆ ನೀರು ಹರಿದು ಬಸ್ಸು ಆಚೆ ದಂಡೆಯಲ್ಲೇ ನಿಲ್ಲುತ್ತಿತ್ತು. ಅದರ ಪಕ್ಕಕ್ಕೆ ಎತ್ತರದ ಹೊಸ ಸೇತುವೆ ಮಂಜೂರಾಯಿತು. ಕೆಳಸೇತುವೆಯ ಕೆಳಮಗ್ಗುಲಿಗೆ, ಒಂದು ದೊಡ್ಡ ಬಂಡೆಯ ಬುಡದಲ್ಲಿ ಮಡು ಇದೆ. ಬೇಸಿಗೆಯಲ್ಲಿ ಹಳ್ಳವೆಲ್ಲ ಉಸುಕಾದರೂ ಕಾಲುವೆಯ ಬಸಿನೀರು ಬಂದು ಈ ಮಡು ಬತ್ತುವುದಿಲ್ಲ. ಅದರಲ್ಲಿ ಹರಗಿ ಮೀನುಗಳು. ಹುಲ್ಲು ತಿನ್ನುವ ಮೀನು ಅದು. ಮೀನು ಹುಲ್ಲು ತಿನ್ನುತ್ತದೆ ಎಂದು ನನಗೆ ಐವತ್ತೊಂದನೇ ವಯಸ್ಸಿನಲ್ಲಿ ತಿಳಿಯಿತು.

ತಿಳಿಸಿದವನು ದಂಡೆಯ ಮೇಲೆ ತಗಡಿನ ಅಂಗಡಿ ಇಟ್ಟುಕೊಂಡು ಪಂಪ್‌ಸೆಟ್ ರಿಪೇರಿ ಮಾಡುವ ಮಿಸ್ತ್ರಿ. ಅವನ ಹಿರಿಯರು ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಮನೆಯಲ್ಲಿ ದಖನಿ ಮಾತು, ಅಂಗಡಿಯಲ್ಲಿ ನಮ್ಮ ಮಾತು. ರಿಪೇರಿಯಾದ ಪಂಪನ್ನು ಅವನು ಆ ಮಡುವಿನಲ್ಲೇ ಪೈಪು ಇಳಿಬಿಟ್ಟು ಪರೀಕ್ಷೆ ಮಾಡುತ್ತಿದ್ದ. ಮರಿಮೀನುಗಳನ್ನು ಪಂಪು ಒಳಗೆ ಎಳೆದುಕೊಳ್ಳದಿರಲೆಂದು ಪೈಪಿನ ಬಾಯಿಗೆ ಹೆಂಡತಿಯ ಹಳೆಯ ಓಢಣಿಯನ್ನು ಎರಡು ಸುತ್ತು ಕಟ್ಟುತ್ತಿದ್ದ. ಪರೀಕ್ಷೆ ಮುಗಿದ ಮೇಲೆ ಆಡಿಗೆ ತಂದ ಹುಲ್ಲಿನಿಂದ ಒಂದು ಹಿಡಿ ನೀರಿಗೆ ಎಸೆದರೆ, ಮೊಳಕೈ ಉದ್ದದ ಮೀನುಗಳು ಬಂದು ಚಪ್ ಚಪ್ ಎಂದು ಮೇಯುತ್ತಿದ್ದವು.

"ನೋಡ್ರಿ ಸಾಬ್ರ," ಅಂದಿದ್ದ ಮೊದಲ ದಿನವೇ. "ನಮ್ಮಪ್ಪನ ಕಾಲಕ್ಕ ಈ ಹಳ್ಳದಾಗ ಐದಾರು ಮಡು ಇದ್ವು, ಎಲ್ಲಾದ್ರಾಗೂ ಹರಗಿ ಇದ್ವು. ಈಗ ಉಳದದ್ದು ಇದೊಂದ. ಮೊದಲನೇ ಮಳಿ ನೀರು ಬಂತಂದ್ರ ಇವು ಕೆಳಸೇತುವಿ ಪೈಪಿನ್ಯಾಗ ಹಾದು ಮ್ಯಾಲ ಹೋಗಿ ತತ್ತಿ ಇಡ್ತಾವ. ಇವು ಹೋದ್ವಂದ್ರ ಮುಂದ ಹರಗಿ ಅನ್ನೂದು ಬರೇ ಬಾಯಾಗ ಉಳೀತೈತಿ."

ಮೀನುಗಾರಿಕೆಯ ಕಡೆಯ ಒಬ್ಬ ಮೇಡಂ ಬಂದರು. ಚಿಕ್ಕ ವಯಸ್ಸು. ಜೀಪು ಸಿಗದೆ ಬಸ್ಸಿನಲ್ಲಿ ಬಂದು, ಮಿಸ್ತ್ರಿಯ ಜೊತೆ ಬಂಡೆಯ ಮೇಲೆ ಅರ್ಧ ದಿನ ಕುಳಿತು, ನಮ್ಮ ಕಚೇರಿಗೆ ಒಂದು ಪತ್ರ ಕಳಿಸಿದರು. ಎರಡೇ ಷರತ್ತು. ಒಂದು, ಬುನಾದಿ ಅಗೆಯುವಾಗ ರಾಡಿ ನೀರು, ಸಿಮೆಂಟಿನ ತೊಳೆನೀರು ಮಡುವಿಗೆ ಇಳಿಯಬಾರದು. ಎರಡು, ಮೊದಲ ಮಳೆಯ ನೀರು ಬಂದಾಗ ಮೀನು ಮೇಲಕ್ಕೆ ಹೋಗುವ ದಾರಿ ತೆರೆದಿರಬೇಕು.

ಪತ್ರ ಓದಿದ ಮೇಲಿನ ಸಾಹೇಬರು ಕುರ್ಚಿಗೆ ಒರಗಿ, "ಮಂದಿಗೆ ಕುಡ್ಯಾಕ ನೀರಿಲ್ಲ, ಮೀನಿಗೆ ಬಂದೋಬಸ್ತ್ ಬೇಕಂತ" ಎಂದರು. ಎಲ್ಲರೂ ನಕ್ಕರು. ನಾನು ಉಳಿದವರಿಗಿಂತ ಸ್ವಲ್ಪ ಹೆಚ್ಚೇ ನಕ್ಕೆ. ವರ್ಗಾವಣೆಯ ಪಟ್ಟಿ ತಯಾರಾಗುವ ಕಾಲ, ನಗುವಿನಲ್ಲಿ ಕೊರತೆ ಕಾಣಬಾರದು. ಆಮೇಲೆ ನನ್ನ ಮೇಜಿಗೆ ಬಂದು ಪತ್ರವನ್ನು ಮೂರು ಸಲ ಓದಿದೆ. ಎರಡನೆಯ ಷರತ್ತಿನ ಕೆಳಗೆ ಅಳತೆಪಟ್ಟಿ ಇಟ್ಟು ನೇರವಾಗಿ ಕೆಂಪು ಗೆರೆ ಎಳೆದೆ. ನಮ್ಮಲ್ಲಿ ಕೆಂಪು ಗೆರೆ ಎಳೆದರೆ ಆ ಕೆಲಸ ಆದಂತೆ. ಫೈಲು ಕಟ್ಟಿ ಇಟ್ಟೆ.

ಉಳಿದದ್ದು ಮೊದಲನೆಯ ಷರತ್ತು. ರಾಡಿ ತಡೆಯಲು ಉಸುಕಿನ ಚೀಲಗಳ ಒಂದು ಒಡ್ಡು ಹಾಕಿದ್ದರೆ ಮುಗಿಯುತ್ತಿತ್ತು. ಜೋಳದ ಖಾಲಿ ಚೀಲಗಳಿಗೆ ಈ ಸೀಮೆಯಲ್ಲಿ ಬರವೇ? ಆದರೆ ಅಷ್ಟು ಸರಳವಾದದ್ದು ಹೊಳೆಯಲು ತಲೆ ತೆರವಿರಬೇಕು. ನನ್ನ ತಲೆಯಲ್ಲಿ ಆಗಲೇ ಕೆಲಸಗಾರರು ಮೀನು ಹಿಡಿದು ಸಾರು ಮಾಡುತ್ತಿದ್ದರು, ಕೊಕ್ಕರೆಗಳು ಸಾಲುಗಟ್ಟಿ ಇಳಿಯುತ್ತಿದ್ದವು, ಕಾಂಕ್ರೀಟಿನ ಬುಟ್ಟಿ ಜಾರಿ ಮಡುವಿನ ನಡುವೆ ಬೀಳುತ್ತಿತ್ತು, ಪತ್ರಿಕೆಯವರು ಅದರ ಫೋಟೋ ಹೊಡೆಯುತ್ತಿದ್ದರು.

ನಮ್ಮ ಗುತ್ತಿಗೆದಾರ ಕುಷ್ಟಗಿಯವನು. ಸೇತುವೆ ಕಟ್ಟುವುದು ಅವನ ಹೊಟ್ಟೆಪಾಡು, ದಾಳಿಂಬೆ ಬೆಳೆಯುವುದು ಅವನ ಪ್ರೀತಿ. ಒಮ್ಮೆ ಅವನ ತೋಟ ನೋಡಿದ್ದೆ. ಗಿಳಿ, ಬಾವಲಿ ನುಗ್ಗದಂತೆ ಸಾಲುಸಾಲು ಗಿಡಗಳ ಮೇಲೆ ನೈಲಾನ್ ಬಲೆ ಹೊದಿಸಿದ್ದ. ಎರಡು ಬೆರಳು ತೂರುವಷ್ಟು ಕಣ್ಣು, ದೂರದಿಂದ ಕಾಣುವುದೇ ಇಲ್ಲ. ಕೆಳಗೆ ಹಣ್ಣುಗಳು ಕೂದಲೂ ಕೊಂಕದೆ ತೂಗುತ್ತಿದ್ದವು. ರಕ್ಷಣೆ ಎಂದರೆ ಇದು ಎಂದು ನನಗೆ ಆವತ್ತು ಅನಿಸಿತ್ತು. ಈಗ ಅದೇ ನೆನಪಾಯಿತು.

ಇದನ್ನು ಬೇರೆಯವರ ತಲೆಗೆ ಕಟ್ಟಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ, ಆಗಿಲ್ಲ. ಬಾಯಿಬಿಟ್ಟು ಕೇಳಿದವನು ನಾನೇ. "ನಿಮ್ಮ ತೋಟದಾಗ ಹಳೇ ನೆಟ್ ಉಳದಾವೇನು?"

ಗುತ್ತಿಗೆದಾರನ ಮುಖ ಅರಳಿತು. "ಎರಡು ರೋಲ್ ಬಿದ್ದಾವ್ರಿ ಸರ. ಮ್ಯಾಲೂ ಹೊದಸೂಣು, ಸುತ್ತಾನೂ ಕಟ್ಟೂಣು. ತಳಮಟಾ ಕಲ್ಲ ಕಟ್ಟಿ ಇಳಿಬಿಡ್ತೀನಿ. ಒಂದ ಒಂದು ಹಕ್ಕಿ ನುಗ್ಗಿದ್ರ ನನ್ನ ಹೆಸರು ತಗದ ಬಿಡ್ರಿ."

ಹಕ್ಕಿ ಎಂದ ಅವನು. ಅವನ ಪಾಲಿಗೆ ಮೀನು ನೀರಿನಲ್ಲಿ ಬಿಟ್ಟ ಹಣ್ಣು. ನನ್ನ ಪಾಲಿಗೂ ಅಷ್ಟೇ ಇತ್ತೆಂದು ಕಾಣುತ್ತದೆ, ಯಾಕೆಂದರೆ ತಿದ್ದಬೇಕೆಂದು ನನಗೆ ಹೊಳೆಯಲಿಲ್ಲ.

ಎರಡು ದಿನದಲ್ಲಿ ಮಡು ದಾಳಿಂಬೆ ತೋಟವಾಯಿತು. ನೀರಿನ ಮೇಲೆ ಬಲೆಯ ಚಪ್ಪರ, ಸುತ್ತ ತಳದವರೆಗೆ ಬಲೆಯ ಗೋಡೆ. ಕೆಳಸೇತುವೆಯ ಪೈಪುಗಳ ಕಡೆಗೆ ಮಡು ತೆರೆದುಕೊಳ್ಳುವ ಬಾಯಿಗಂತೂ ಎರಡು ಪದರ. ದಂಡೆಯ ಮೇಲೆ ಒಂದು ಫಲಕ ಎದ್ದಿತು: ಅಳಿವಿನಂಚಿನ ಮೀನುಗಳ ಸಂರಕ್ಷಣಾ ವಲಯ. ಅದರ ಮೇಲೆ ಪೇಂಟರ್ ಫೋನಿನಲ್ಲಿ ನೋಡಿ ಬರೆದ ಮೀನು ಕಿತ್ತಳೆ ಬಣ್ಣದ್ದು, ಜಾಲರಿ ಬಾಲದ್ದು, ಸಿರಿವಂತರ ಮನೆಯ ಗಾಜಿನ ಪೆಟ್ಟಿಗೆಯಲ್ಲಿ ಇರುವಂಥದ್ದು. ಮೇಲಿನ ಸಾಹೇಬರು ಬಂದು ಬಲೆ ಹಿಡಿದು ನಿಂತು ಫೋಟೋ ತೆಗೆಸಿಕೊಂಡರು. ನಾನು ಅವರ ಹಿಂದೆ ಅರ್ಧ ಮುಖ ಕಾಣುವಂತೆ ನಿಂತೆ. ಆ ಫೋಟೋ ಜಿಲ್ಲೆಯ ಎಲ್ಲ ಇಂಜಿನಿಯರುಗಳ ಗುಂಪಿಗೆ ಹೋಯಿತು. ಹೆಬ್ಬೆರಳುಗಳ ಮಳೆ ಸುರಿಯಿತು.

ಎಲ್ಲರೂ ಹೋದ ಮೇಲೆ ಮಿಸ್ತ್ರಿ ಕೈಗೆ ಹತ್ತಿದ ಗ್ರೀಸನ್ನು ಒರೆಸಿಕೊಳ್ಳುತ್ತ ಬಂದ. ಬಲೆಯ ಒಂದು ಕಣ್ಣಿಗೆ ಬೆರಳು ತೂರಿಸಿ ನನ್ನ ಕಡೆ ಆಡಿಸಿದ.

"ಸಾಬ್ರ, ಇದರಾಗ ಹಾದು ರಾಡಿ ಒಳಗ ಹೋಗತೈತಿ?"

"ಹೋಗತೈತಿ. ನೀರ ಅಲ್ಲೇನು ಅದು?"

"ಮೀನ ಹೊರಗ ಹೋಗತಾವ?"

ನಾನು ಬಲೆಯ ಒಂದು ಗಂಟನ್ನು ಎಳೆದು ನೋಡಿದೆ.

"ರಾಡಿ ಬರಬಾರದು, ಮೀನ ಹೋಗಬೇಕು. ಅದ ಅಲ್ರಿ ಮೇಡಂ ಬರದದ್ದು? ನೀವು ರಾಡಿಗೆ ದಾರಿ ಬಿಟ್ಟೀರಿ, ಮೀನಿಗೆ ಬಾಗಲಾ ಹಾಕೀರಿ. ಭಾಳ ಛಲೋ ಆತು ಬಿಡ್ರಿ. ಹೊಳಿಯಾಗ ಮೀನ ಹಿಡಿಯೋರೂ ಇಷ್ಟು ದೊಡ್ಡ ನೆಟ್ ಹಾಕಂಗಿಲ್ಲ."

ಗುತ್ತಿಗೆದಾರ ಹಿಂದಿನಿಂದ ಬಂದು, "ಏ ಮಿಸ್ತ್ರಿ, ನಿನ್ನ ಮೋಟರ್ ನೋಡಕೋ ಹೋಗು. ಇಂಜಿನಿಯರಿಂಗ್ ಸಾಹೇಬ್ರು ಮಾಡ್ಯಾರ" ಎಂದ. ಆ ಮಾತಿಗೆ ನಾನು ಎದೆಯುಬ್ಬಿಸಿದ್ದು ನಿಜ. ನಾನು ಇಂಜಿನಿಯರಿಂಗ್ ಮಾಡಿದೆನೆಂದು ಯಾರೂ ಅಂದು ಬಹಳ ದಿನವಾಗಿತ್ತು.

ಆದರೆ ಚಿಂತೆ ಎದೆಯುಬ್ಬಿದ್ದನ್ನು ಲೆಕ್ಕಿಸುವುದಿಲ್ಲ. ಮಿಸ್ತ್ರಿ ಹೇಳಿದ್ದು ಸರಿ ಎಂದು ಆಗಲೇ ಗೊತ್ತಿತ್ತು. ಮಳೆ ಇನ್ನೂ ದೂರ ಇದೆ, ಮೋಡ ಕಂಡ ದಿನ ಬಾಯಿಯ ಬಲೆ ಎತ್ತಿಸಿದರಾಯಿತು ಎಂದುಕೊಂಡೆ. ಅಲ್ಲಿಯವರೆಗೆ ಬೇರೆ ಚಿಂತೆಗಳಿಗೆ ಬಿಡುವು ಮಾಡಿಕೊಟ್ಟೆ. ಬಲೆಯನ್ನು ಯಾರಾದರೂ ಕದ್ದರೆ? ಫಲಕದಲ್ಲಿ ಇಲಾಖೆಯ ಹೆಸರು ಮೀನಿಗಿಂತ ಸಣ್ಣದಾಗಿದೆಯಲ್ಲ, ಅದಕ್ಕೆ ನೋಟೀಸು ಬಂದರೆ? ದಿನಾ ಎರಡು ಹೊತ್ತು ಹೋಗಿ ಬಲೆಯ ಗಂಟುಗಳನ್ನು ಎಳೆದು ನೋಡಿ ಇನ್ನಷ್ಟು ಬಿಗಿ ಮಾಡಿಸುತ್ತಿದ್ದೆ. ಮುಂದೆ ಬಿಚ್ಚಬೇಕಾದದ್ದನ್ನು ಹಾಗೆ ಬಿಗಿ ಮಾಡಿಸಿದವನು ಈ ನಾಲ್ಕು ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಮಳೆ ಹೇಳಿ ಬರಲಿಲ್ಲ. ಒಂದು ಸಂಜೆ ಮೇಲಿನ ಕಡೆ, ಕನಕಗಿರಿಯ ಆಚೆ ಎಲ್ಲೋ ಸುರಿಯಿತು. ಗಂಗಾವತಿಯಲ್ಲಿ ಒಂದು ಹನಿ ಇಲ್ಲ. ಬೆಳಿಗ್ಗೆ ಏಳಕ್ಕೆ ಮಿಸ್ತ್ರಿಯ ಫೋನು.

"ಹಳ್ಳ ಬಂದೈತಿ. ಬರ್ರಿ. ನಿಮ್ಮ ತ್ವಾಟಕ್ಕ ಹಣ್ಣ ಬಿಟ್ಟಾವ."

ಅಂದು ಹನ್ನೊಂದಕ್ಕೆ ಮೇಲಿನ ಸಾಹೇಬರು ಇನ್ನೂ ಮೇಲಿನವರನ್ನು ಕರೆದುಕೊಂಡು ಸಂರಕ್ಷಣಾ ವಲಯ ತೋರಿಸಲು ಬರುವವರಿದ್ದರು. ಬೈಕು ಹೊಡೆಯುವಾಗ ನನಗೆ ಅದೇ ಚಿಂತೆ. ಗ್ಯಾಸು ನೆನಪಾಗಲಿಲ್ಲ.

ಕೆಂಪು ನೀರು ಕೆಳಸೇತುವೆಯ ಪೈಪುಗಳಿಂದ ಮಡುವಿಗೆ ಧುಮುಕುತ್ತಿತ್ತು. ಅಗೆದ ಬುನಾದಿಯ ರಾಡಿಯೂ ಅದರ ಜೊತೆ ಬಲೆ ದಾಟಿ ಆರಾಮಾಗಿ ಒಳಗೆ ಹೋಗುತ್ತಿತ್ತು. ಆ ನೀರಿನ ಸದ್ದಿಗೆ ಮೀನುಗಳು ಎದ್ದು ಮಡುವಿನ ಬಾಯಿಗೆ ಬಂದಿದ್ದವು. ಮೊದಲ ಪದರ ಕೆಲವನ್ನು ಹಿಡಿದಿತ್ತು, ಎರಡನೆಯದು ಇನ್ನು ಕೆಲವನ್ನು. ಗೇಣುದ್ದದವು ಕಿವಿರಿನವರೆಗೆ ಬಲೆಯ ಕಣ್ಣಿಗೆ ತೂರಿ, ಮುಂದೂ ಹೋಗಲಾರದೆ ಹಿಂದೂ ಬರಲಾರದೆ ಬಾಯಿ ತೆರೆದು ತೂಗುತ್ತಿದ್ದವು. ಮೊಳಕೈ ಉದ್ದದವು ರೆಕ್ಕೆ ಸಿಕ್ಕಿಸಿಕೊಂಡು ಹೊರಳಿ ಹೊರಳಿ ಬಲೆಯನ್ನು ಮೈಗೆ ಸುತ್ತಿಕೊಂಡಿದ್ದವು. ಒಂದೊಂದು ಮೀನಿನ ಹೊಟ್ಟೆಯೂ ತತ್ತಿಯಿಂದ ಬಿಗಿದಿತ್ತು. ಕೆಲವು ಆಗಲೇ ಬೆಳ್ಳಗೆ ಮಗ್ಗುಲಾಗಿದ್ದವು. ಹೆಚ್ಚಿನವು ಇನ್ನೂ ಜೀವದಿಂದಿದ್ದವು.

ಮಿಸ್ತ್ರಿ ಕೈಯಲ್ಲಿ ಹುಲ್ಲು ಕೊಯ್ಯುವ ಕುಡಗೋಲು ಹಿಡಿದು ನಿಂತಿದ್ದ. "ನಿಮ್ಮ ಸಲುವಾಗಿ ನಿಂತೀನಿ. ಸರಕಾರಿ ಮಾಲ್ ಅಂತ ನಾಳಿಗೆ ನನ್ನ ಮ್ಯಾಲ ಹಾಕ್ತೀರಿ. ಹೂಂ ಅನ್ರಿ, ಇಳೀತೀನಿ."

ಹೂಂ. ಒಂದು ಅಕ್ಷರ. ಎದುರಿಗೆ ಮೀನುಗಳಿಗೆ ಉಸಿರು ಕಟ್ಟುತ್ತಿತ್ತು, ನಾನು ಜೇಬಿನಿಂದ ಫೋನು ತೆಗೆದೆ.

"ಸರ್, ಮೀನು ಬಲೆಗೆ ಸಿಕ್ಕಾವ. ಕತ್ತರಿಸಲಿಕ್ಕೆ ಅನುಮತಿ..."

"ಏನಂದ್ರಿ?" ಮೇಲಿನ ಸಾಹೇಬರು ಕಾರಿನಲ್ಲಿದ್ದರು. "ಫೋಟೋದಾಗ ಇರೂ ನೆಟ್ ಅದು. ದೊಡ್ಡ ಸಾಹೇಬ್ರಿಗೆ ನಾ ಬರೇ ಹಳ್ಳದ ನೀರು ತೋರಸ್ಲೇನು? ಹನ್ನೊಂದಕ್ಕ ಬರ್ತೀವಿ. ಅವರು ನೋಡಿ ಹೋದ ಮ್ಯಾಲ ಏನರ ಮಾಡ್ಕೋರಿ."

"ಸರ್, ಅಷ್ಟೊತ್ತಿಗೆ ಸತ್ತು..."

"ಬರವಣಿಗಿಯೊಳಗ ಕೊಡ್ರಿ." ಕಟ್ ಆಯಿತು.

ಗುತ್ತಿಗೆದಾರನೂ ಬಂದಿದ್ದ. "ಸರ ಹೇಳಿದ್ದು ಖರೇ ಐತ್ರಿ. ಇನ್ನ ಮೂರು ತಾಸು. ಸತ್ತವನ್ನ ನಮ್ಮ ಹುಡುಗ್ರು ಆರಿಸಿ ತಗೀತಾರ, ಕಾಣಂಗಿಲ್ಲ."

ನಾನು ಆಗ ಏನು ಮಾಡಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಬ್ಯಾಗಿನಿಂದ ಬಿಳಿ ಹಾಳೆ ತೆಗೆದು, ಬೈಕಿನ ಸೀಟಿನ ಮೇಲಿಟ್ಟು, "ಮಾನ್ಯರೇ" ಎಂದು ಬರೆದೆ. ವಿಷಯ ಎಂದೂ ಬರೆದೆ. ಹಾಳೆಯ ಮೇಲಿನಿಂದ ಕಣ್ಣೆತ್ತಿದಾಗ ಮಿಸ್ತ್ರಿ ನನ್ನನ್ನೇ ನೋಡುತ್ತಿದ್ದ. ಬೈಯಲಿಲ್ಲ. ಕೆಟ್ಟು ಬಂದ ಮೋಟರನ್ನು ನೋಡಿ ಇದಕ್ಕೆ ಹಣೆಬರಹ ಇಷ್ಟೇ ಅನ್ನುವಾಗ ಅವನು ಹೀಗೆ ನೋಡುವುದನ್ನು ಕಂಡಿದ್ದೆ. ಕುಡಗೋಲನ್ನು ಹಲ್ಲಿನಲ್ಲಿ ಕಚ್ಚಿ ನೀರಿಗೆ ಇಳಿದ.

"ಏ ಮಿಸ್ತ್ರಿ!" ಎಂದು ಗುತ್ತಿಗೆದಾರ ಕೂಗಿದ.

ಎದೆಮಟ್ಟದ ನೀರಿನಲ್ಲಿ ನಿಂತು ಅವನು ಕುಡಗೋಲು ಹಚ್ಚಿದ. ಸಡಿಲ ಬಲೆ ಕುಡಗೋಲಿನ ಜೊತೆಗೇ ಹೋಗಿಬಿಡುತ್ತಿತ್ತು, ಹರಿಯುತ್ತಿರಲಿಲ್ಲ. "ಹಿಡೀರಿ ಯಾರರ! ಬಿಗಿ ಹಿಡೀರಿ!" ಎಂದು ಒದರಿದ. ಬಿಗಿ ಮಾಡುವುದರಲ್ಲಿ ನನ್ನಷ್ಟು ಅನುಭವ ಅಲ್ಲಿ ಯಾರಿಗೂ ಇರಲಿಲ್ಲ. ಚಪ್ಪಲಿ ಕಳಚಿ, ಜೋಡಿಸಿ ಇಟ್ಟು (ಹೌದು, ಜೋಡಿಸಿ ಇಟ್ಟು), ಪ್ಯಾಂಟು ಮಡಚಿ ಮೊಳಕಾಲಿನವರೆಗೆ ಇಳಿದೆ. ಅದಕ್ಕಿಂತ ಮುಂದೆ ಕಾಲು ಹೋಗಲೊಲ್ಲದು. ಬಲೆಯ ಅಂಚು ಹಿಡಿದು ಹಿಂದಕ್ಕೆ ವಾಲಿ ಜಗ್ಗಿದೆ. ಕಣ್ಣು ಮುಚ್ಚಿದ್ದೆ ಎಂದು ಆಮೇಲೆ ಮಿಸ್ತ್ರಿ ಹೇಳಿದ.

ಬಾಯಿಯ ಬಲೆ ನಡುವೆ ಸೀಳಿತು. ಕೈಯಲ್ಲಿದ್ದ ಬಿಗಿ ಒಮ್ಮೆಲೆ ಹೋಗಿ ನಾನು ಕೆಸರಿನಲ್ಲಿ ಕೂತೆ. ಸಿಗದೆ ಹಿಂದೆ ಕಾದಿದ್ದ ಮೀನುಗಳು ಸೀಳಿನಿಂದ ನುಗ್ಗಿದವು. ಒಂದು ನನ್ನ ಕಾಲಿಗೆ ಬಡಿದು ಹೋಯಿತು. ಮಿಸ್ತ್ರಿ ಸಿಕ್ಕವುಗಳನ್ನು ಒಂದೊಂದಾಗಿ ಬಿಡಿಸಿ, ನೀರಿನಲ್ಲಿ ಎರಡೂ ಕೈಯಲ್ಲಿ ಹಿಡಿದು, ಮೈ ಆಡಿಸತೊಡಗಿದ ಮೇಲೆ ಬಿಡುತ್ತಿದ್ದ. ಕೆಲವು ಆಡಿಸಲಿಲ್ಲ. ಅವನ್ನು ದಂಡೆಗೆ ತಂದು ಸಾಲಾಗಿ ಮಲಗಿಸಿದ. ಒಂಬತ್ತು. ಎಲ್ಲ ತತ್ತಿ ತುಂಬಿದವು.

ಹನ್ನೊಂದೂಕಾಲಿಗೆ ಎರಡು ಕಾರು ಬಂದವು. ದೊಡ್ಡ ಸಾಹೇಬರು ಬೂಟಿಗೆ ಕೆಸರೆಂದು ಇಳಿಯಲೇ ಇಲ್ಲ. ಗಾಜು ಇಳಿಸಿ ಫಲಕದ ಕಿತ್ತಳೆ ಮೀನನ್ನು ನೋಡಿ, "ವೆರಿ ಗುಡ್" ಎಂದು ಗಾಜು ಏರಿಸಿದರು. ಇವರಿಗೆ ತೋರಿಸಲೆಂದೇ ಬಲೆ ಉಳಿಯಬೇಕಿತ್ತು. ಮೇಲಿನ ಸಾಹೇಬರು ಮಾತ್ರ ಇಳಿದು ಬಂದರು.

"ಈ ಬಾಯಿ ನೆಟ್ ಎಲ್ಲಿ?"

"ಈ ಮಿಸ್ತ್ರಿ ಕತ್ತರಿಸ್ಯಾನ್ರಿ ಸರ" ಎಂದ ಗುತ್ತಿಗೆದಾರ. "ಬ್ಯಾಡಂದ್ರೂ ಕೇಳಲಿಲ್ಲ. ಕುಡಗೋಲ ಇನ್ನೂ ಕೈಯಾಗ ಐತಿ ನೋಡ್ರಿ."

"ಪೊಲೀಸರಿಗೆ ಬರದ ಕೊಡ್ರಿ. ಸರಕಾರಿ ಮಾಲು."

ಮಿಸ್ತ್ರಿ ನನ್ನ ಕಡೆ ನೋಡಲೂ ಇಲ್ಲ. ನನ್ನಿಂದ ಏನನ್ನೂ ನಿರೀಕ್ಷಿಸದವರ ಆ ನಿರಾಳ ಬೆನ್ನು ನನ್ನನ್ನು ಚುಚ್ಚಿತೋ, ಅಥವಾ ಒಂಬತ್ತು ಮೀನುಗಳೋ, ಗೊತ್ತಿಲ್ಲ.

"ನಾನ ಕತ್ತರಿಸಿದ್ದು ಸರ್" ಎಂದೆ.

ಸಾಹೇಬರು ನನ್ನ ಪ್ಯಾಂಟನ್ನು ಮೇಲಿನಿಂದ ಕೆಳಗೆ ನೋಡಿದರು. "ಮೊಳಕಾಲಮಟ ತೋಯಿಸ್ಕೊಂಡು ನಡು ಮಡುವಿನ ನೆಟ್ ಕತ್ತರಿಸಿದ್ರೇನ್ರಿ?"

"ಹಿಂದನೂ ತೋದೈತಿ ಸರ್" ಎಂದು ತಿರುಗಿ ತೋರಿಸಿದೆ.

ಗುತ್ತಿಗೆದಾರನ ಕೆಲಸಗಾರರು ನಕ್ಕರು. ಸಾಹೇಬರು ನಗಲಿಲ್ಲ. "ಬರವಣಿಗಿಯೊಳಗ ಕೊಡ್ರಿ" ಎಂದು ಕಾರು ಹತ್ತಿದರು.

ಕೊಟ್ಟೆ. "ಮಾನ್ಯರೇ" ಎಂದು ಅರ್ಧಕ್ಕೆ ಬಿಟ್ಟಿದ್ದ ಅದೇ ಹಾಳೆಯಲ್ಲಿ. ಬಲೆ ಹಾಕಲು ಹೇಳಿದವನು ನಾನು, ಕತ್ತರಿಸಿದವನು ನಾನು, ಒಂಬತ್ತು ಮೀನು ಸತ್ತದ್ದು ನನ್ನಿಂದ. ಇಷ್ಟು ವರ್ಷದ ಸೇವೆಯಲ್ಲಿ ನಾನು ಬರೆದ ಅತ್ಯಂತ ಚಿಕ್ಕ ವರದಿ ಅದು. ಅದರಲ್ಲೂ ಒಂದು ಸುಳ್ಳು.

ಮಾರನೆಯ ದಿನ ಮೀನುಗಾರಿಕೆಯ ಮೇಡಂ ಬಂದರು, ಮತ್ತೆ ಬಸ್ಸಿನಲ್ಲಿ. ಮಿಸ್ತ್ರಿ ಹೂಳದೆ ಇಟ್ಟಿದ್ದ ಒಂಬತ್ತನ್ನು ನೋಡಿದರು. ನಾನು ಫೈಲು ಹಿಡಿದು ನಿಂತಿದ್ದೆ. ಅವರು ತಮ್ಮ ಪತ್ರ ತೆರೆದು, ಕೆಂಪು ಗೆರೆಯ ಮೇಲೆ ಬೆರಳಾಡಿಸಿ, "ಗೆರಿ ಭಾಳ ನೆಟ್ಟಗ ಹೊಡದೀರಿ" ಎಂದರು. ನನಗೆ ಬಂದ ನೋಟೀಸುಗಳಲ್ಲಿ ಅದರಷ್ಟು ಉರಿದದ್ದು ಇನ್ನೊಂದಿಲ್ಲ. ಆ ಮಧ್ಯಾಹ್ನವೇ ಉಳಿದ ಬಲೆಯನ್ನೂ ಬಿಚ್ಚಿಸಿ, ಜೋಳದ ಚೀಲಗಳಿಗೆ ಉಸುಕು ತುಂಬಿಸಿ ಬುನಾದಿಯ ಸುತ್ತ ಒಡ್ಡು ಹಾಕಿಸಿದೆ. ಎರಡು ತಾಸಿನ ಕೆಲಸ.

ಇಲಾಖೆಯ ನೋಟೀಸೂ ಬಂತು: ಯಾವ ನಿಯಮದ ಅಡಿಯಲ್ಲಿ ಬಲೆ ಕತ್ತರಿಸಲಾಯಿತು? ಉತ್ತರ ಕೊಟ್ಟಿದ್ದೇನೆ, ಅದರ ಮೇಲೆ ಇನ್ನೊಂದು ಪ್ರಶ್ನೆ ಬಂದಿದೆ. ಯಾವ ನಿಯಮದ ಅಡಿಯಲ್ಲಿ ಹಾಕಲಾಯಿತು ಎಂದು ಯಾರೂ ಕೇಳಿಲ್ಲ.

ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ಒಂದು ದಿನ ಮಿಸ್ತ್ರಿ ಕರೆದ. ಮಡುವಿನಲ್ಲಿ ಬೆರಳುದ್ದದ ಮರಿಗಳು, ಬಂಡೆಯ ನೆರಳಿನಲ್ಲಿ ಹಿಂಡಾಗಿ ಒಂದೇ ಸಲಕ್ಕೆ ತಿರುಗುತ್ತಿದ್ದವು. ಅವುಗಳ ಹಿಂದೆ ದೊಡ್ಡವು ನಾಲ್ಕೈದು. ನಾನು ಮನೆಯಿಂದ ಹುಲ್ಲು ತಂದಿದ್ದೆ.

"ತೊಳಕೊಂಡ ಬಂದೀರೇನು?" ಎಂದ.

"ಎರಡ ಸಲ. ಔಷಧಿ ಹೊಡದಿದ್ರ ಅಂತ."

ಎಸೆದೆ. ಮೀನುಗಳು ಒಮ್ಮೆ ನೋಡಿ ಹಿಂದೆ ಸರಿದವು. ಮಿಸ್ತ್ರಿ ಬಾಗಿ ಆಡಿನ ಮುಂದಿನಿಂದ ಒಂದು ಹಿಡಿ ಕಿತ್ತುಕೊಂಡು ಎಸೆದ. ಚಪ್ ಚಪ್ ಶುರುವಾಯಿತು. ನನ್ನ ಹುಲ್ಲು ಹಾಗೇ ತೇಲುತ್ತ ದಂಡೆಗೆ ಬಂತು.

"ನಿಮ್ಮ ಕೈ ವಾಸನಿ ನೆನಪೈತಿ ಅವಕ್ಕ" ಎಂದ ಮಿಸ್ತ್ರಿ. "ದೂರ ನಿಂದರ್ರಿ. ಉಣಲಿ."

ನಾನು ದೂರ ನಿಂತೆ.